ಮೊಣಕಾಲಿನ ಚಿಲಕ

ಸೈಲಸ್ ಟ್ರೆಂಬತ್ ಮಾತು ಕಡಿಮೆಯ ಕಮ್ಮಾರ. ಅವನ ಕುಲುಮೆ ನಮ್ಮ ಶಾಲೆಯ ಎದುರಿಗೇ ಇತ್ತು. ಮೂರು ವರ್ಷ ನಾನು ಆ ಕಡೆಯಿಂದ ಕೇಳಿಸಿಕೊಂಡದ್ದು ಸುತ್ತಿಗೆಯ ಸದ್ದು, ತಿದಿಯ ಉಸಿರು ಮತ್ತು ಅವೆರಡರ ನಡುವಿನ ಮೌನ. ಮೌನ ಎಷ್ಟು ಉದ್ದವಾಯಿತು ಎಂಬುದರ ಮೇಲೆ ಅವನು ಲಾಳ ಬಡಿಯುತ್ತಿದ್ದಾನೋ, ಏನಾದರೂ ಯೋಚಿಸುತ್ತಿದ್ದಾನೋ ಹೇಳಬಹುದಿತ್ತು. ಹಾಗಾಗಿ 1909ರ ಮಾರ್ಚ್ ತಿಂಗಳ ಒಂದು ಶನಿವಾರ ಅವನು ಕೈ ತಿಕ್ಕಿ ತೊಳೆದು, ಭಾನುವಾರದ ಕೋಟು ಹಾಕಿಕೊಂಡು ನನ್ನ ಬಾಗಿಲಿಗೆ ಬಂದು ನಿಂತಾಗ ಯಾರೋ ಸತ್ತಿರಬೇಕು ಎಂದುಕೊಂಡೆ.

"ಮೇಷ್ಟ್ರೇ, ನೀವು ಮೆಲ್ಬರ್ನ್‌ನಲ್ಲಿ ಬಿ.ಎ. ಓದಿದೋರು. ನನ್ನ ಚಿಲಕಾನ ಸ್ವಲ್ಪ ಕಾಗದದ ಮೇಲೆ ಬರ್ಕೊಡ್ಬೇಕಲ್ಲ" ಎಂದ.

ಯಾವ ಚಿಲಕ ಎಂದು ನಾನು ಕೇಳಲಿಲ್ಲ. ಕೂರಲಿ ಎಂಬ ನಮ್ಮ ಕಣಿವೆಯಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮದು ಹಾಲಿನ ಊರು. ಬೆಳಿಗ್ಗೆ, ಸಂಜೆ ಎರಡೂ ಕೈಯಲ್ಲಿ ತುಂಬಿದ ಬಕೆಟು ಹಿಡಿದು ಕೊಟ್ಟಿಗೆಯಿಂದ ಬರುವವರಿಗೆ ದೊಡ್ಡ ಶತ್ರು ಗೇಟು. ಬಕೆಟನ್ನು ಕೆಸರಿನಲ್ಲಿ ಇಡಬೇಕು, ಚಿಲಕ ತೆಗೆಯಬೇಕು, ದಾಟಿ ಮತ್ತೆ ಇಡಬೇಕು, ಚಿಲಕ ಹಾಕಬೇಕು. ಅಷ್ಟರಲ್ಲಿ ಕರು ಬಂದು ಮೂತಿ ಅದ್ದಿರುತ್ತದೆ. ಸೈಲಸ್‌ನ ಹೆಂಡತಿ ಹೆಸ್ಟರ್ ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೀಗೇ ಹಾಲು ಚೆಲ್ಲಿಕೊಂಡು, ಗಂಡನಿಗೂ ಕೇಳುವ ಹಾಗೆ ಗೇಟನ್ನು ಬೈದಳಂತೆ. ಅವನು ನೇರ ಕುಲುಮೆಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಗೇಟಿಗೆ ಮೊಣಕಾಲೆತ್ತರದಲ್ಲಿ ಒಂದು ಬಾಗಿದ ಕಬ್ಬಿಣದ ಪಟ್ಟಿ ಬಂದಿತ್ತು. ಅದನ್ನು ಮೊಣಕಾಲಿನಿಂದ ಒತ್ತಿದರೆ ಅಗುಳಿ ಮೇಲೇಳುತ್ತದೆ, ದಾಟಿದ ಮೇಲೆ ಗೇಟು ತನ್ನ ಭಾರಕ್ಕೆ ತಾನೇ ಹಿಂದೆ ಬಂದು ಕಚ್ಚಿಕೊಳ್ಳುತ್ತದೆ. ಹಸು ಒಳಗಿನಿಂದ ಎಷ್ಟು ನೂಕಿದರೂ ಜಪ್ಪಯ್ಯ ಎನ್ನುವುದಿಲ್ಲ.

ಅದನ್ನು ಬರೆಯಲು ನಮಗೆ ಮೂರು ಶನಿವಾರ ಹಿಡಿಯಿತು. ಪೇಟೆಂಟಿನ ಅರ್ಜಿಯಲ್ಲಿ ನಿಮ್ಮ ವಸ್ತುವಿನಲ್ಲಿ ಹೊಸದು ಯಾವುದು ಎಂದು ಒಂದೇ ವಾಕ್ಯದಲ್ಲಿ ಹೇಳಬೇಕಿತ್ತು. ನಾಲ್ಕು ವರ್ಷ ಲ್ಯಾಟಿನ್ ಓದಿದ ನನಗೆ ಒಂದು ಚಿಲಕವನ್ನು ಹೇಳಲು ಬರಲಿಲ್ಲ. ನಾನು ಬರೆದದ್ದನ್ನು ಓದಿ ತೋರಿಸುತ್ತಿದ್ದೆ. ಅವನು ಕಣ್ಣು ಮುಚ್ಚಿ ಕೇಳಿ, ಗಾಳಿಯಲ್ಲಿ ಮೊಣಕಾಲು ಎತ್ತಿ ನೋಡಿ, "ಇಲ್ಲ, ಹೀಗ್ ಮಾಡಿದ್ರೆ ತೆಗೆಯಲ್ಲ ಮೇಷ್ಟ್ರೇ" ಎನ್ನುತ್ತಿದ್ದ. ಅವನು ಪ್ರತಿ ಪದದೊಳಗೂ ಹಾದು ಹೋಗಿ ನೋಡುತ್ತಿದ್ದ.

"ಹೊಸದು ಏನು ಅಂತ ನನ್ನ ಕೇಳಿ" ಎಂದಳು ಹೆಸ್ಟರ್, ಚಹಾ ತಂದಿಡುತ್ತ. "ನಾನು ಬೆಳಿಗ್ಗೆ ಬೆಳಿಗ್ಗೆ ಬೈಯೋದು ನಿಂತಿದೆ. ಈ ಮನೇಲಿ ಅದೇ ಹೊಸದು."

ಪೇಟೆಂಟ್ ಯಾಕೆ ಬೇಕು ಎಂದು ನಾನು ಒಮ್ಮೆ ಕೇಳಿದೆ. ಮೆಲ್ಬರ್ನಿನ ಒಂದು ಎರಕದ ಕಾರ್ಖಾನೆಯವರು, ಪೇಟೆಂಟ್ ಇದ್ದರೆ ಪ್ರತಿ ಚಿಲಕದ ಮೇಲೂ ಟ್ರೆಂಬತ್ ಎಂದು ಎರಕ ಹೊಯ್ದು ಮಾಡುತ್ತೇವೆ ಎಂದು ಕಾಗದ ಬರೆದಿದ್ದರು. ಅಷ್ಟು ಹೇಳಿ ಅವನು ಸುಮ್ಮನಾದ. ಕೆಲವರ ಮೌನದ ಕೊನೆಗೆ ಕಾಯಬೇಕು, ಅಲ್ಲೊಂದು ಮಾತು ಇರುತ್ತದೆ.

"ನಮ್ಮಪ್ಪ, ತಾತ, ಮುತ್ತಾತ ಎಲ್ಲ ಸಮುದ್ರದಾಚೆ ಕಾರ್ನ್‌ವಾಲ್‌ನಲ್ಲಿ ತವರದ ಗಣಿಯೋರು" ಎಂದ. "ಜೀವಮಾನ ಪೂರ್ತಿ ದುಡಿದು ಅವರು ಮಾಡಿದ್ದು ಏನು? ತೂತು. ನೆಲದೊಳಗಿನ ತೂತು. ಈಗ ಅದರಲ್ಲೂ ನೀರು ತುಂಬಿದೆಯಂತೆ. ತೂತಿನ ಮೇಲೆ ಹೆಸರು ಎಲ್ಲಿ ಕೆತ್ತೋದು, ಮೇಷ್ಟ್ರೇ? ಇದನ್ನ ನಾನು ಮಾಡಿದೆ ಅಂತ ಎಲ್ಲಾದ್ರೂ ಒಂದು ಕಡೆ ಇರ್ಬೇಕು ಅನ್ಸತ್ತೆ. ಅಷ್ಟೇ."

ಆಮೇಲೆ ನಾನು ಇನ್ನಷ್ಟು ಶ್ರದ್ಧೆಯಿಂದ ಬರೆದೆ. ಮೂರನೆಯ ಶನಿವಾರ ಅವನು ಕಣ್ಣು ಮುಚ್ಚಿ, ಮೊಣಕಾಲೆತ್ತಿ, "ತೆಗೀತು" ಎಂದ. ಅರ್ಜಿ ಮೆಲ್ಬರ್ನಿನ ಏಜೆಂಟರಿಗೆ ಹೋಯಿತು.

ಹತ್ತು ದಿನಕ್ಕೆ ಉತ್ತರ ಬಂತು. ಬರವಣಿಗೆ ಚೆನ್ನಾಗಿದೆ, ಇನ್ನೊಂದೇ ಕೆಲಸ ಬಾಕಿ. ಜೊತೆಗಿಟ್ಟಿರುವ ಹೇಳಿಕೆಗೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿ ಕಳಿಸಿ. ಹೇಳಿಕೆಯನ್ನು ಕುಲುಮೆಯಲ್ಲಿ ನಿಂತು ನಾನೇ ಓದಿದೆ: "ಈ ಚಿಲಕವನ್ನು ರೂಪಿಸಿದವನು ನಾನೇ. ಇದು ಈವರೆಗೆ ಎಲ್ಲಿಯೂ ಸಾರ್ವಜನಿಕ ಬಳಕೆಯಲ್ಲಿ ಇಲ್ಲ."

ಸೈಲಸ್ ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಮೆಲ್ಲಗೆ ಇಟ್ಟ.

ಎರಡು ವರ್ಷದಲ್ಲಿ ಯಾರು ಕೇಳಿದರೂ ಅವನು ಚಿಲಕ ಮಾಡಿಕೊಟ್ಟಿದ್ದ. ಕೇಳದವರಿಗೂ ಕೊಟ್ಟಿದ್ದ. ಮದುವೆಯಾದರೆ ಉಡುಗೊರೆ ಚಿಲಕ, ಮಗು ಹುಟ್ಟಿದರೆ ಚಿಲಕ, ಕಾಲು ಮುರಿದವನ ಹೆಂಡತಿಗೆ ಸಮಾಧಾನಕ್ಕೆ ಚಿಲಕ. ಕಣಿವೆಯಲ್ಲಿ ಒಟ್ಟು ಮೂವತ್ತೊಂದು ಗೇಟು. ಪುಸ್ತಕದ ಹೊರೆ ಹೊತ್ತು ನಾನು ದಿನಕ್ಕೆ ನಾಲ್ಕು ಸಲ ದಾಟುವ ಶಾಲೆಯ ಗೇಟು ಹನ್ನೆರಡನೆಯದು. ಹಾಗಿದ್ದೂ ಅರ್ಜಿ ಬರೆದ ಅಷ್ಟೂ ದಿನ ಈ ಗೇಟುಗಳೇ ಪೇಟೆಂಟಿಗೆ ಅಡ್ಡ ಬರುತ್ತವೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಆ ಹೊತ್ತಿಗೆ ಕುದುರೆಗೆ ಲಾಳ ಕಟ್ಟಿಸಲು ನೋರಾ ಗ್ಯಾಲಿವನ್ ಅಲ್ಲೇ ನಿಂತಿದ್ದಳು. ನಲವತ್ತು ಹಸು, ಐದು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕಿದ ಐರಿಷ್ ವಿಧವೆ. ಯಾರ ಅನುಮತಿಯನ್ನೂ ಕೇಳಿ ಅಭ್ಯಾಸವಿಲ್ಲ.

"ಇದಕ್ಕೆ ಹೀಗೆ ಹೆಣ ಕಂಡವರ ಥರ ನಿಂತಿದೀರಾ?" ಎಂದಳು. "ಬಳಕೆಯಲ್ಲಿ ಇದ್ರೆ ತಾನೇ ತೊಂದ್ರೆ? ತೆಗೆದ್ಬಿಟ್ರೆ ಇರಲ್ಲ. ಮ್ಯಾಜಿಸ್ಟ್ರೇಟ್ ಯಾವತ್ತು ಬರೋದು?"

"ಗುರುವಾರ" ಎಂದೆ.

"ಇವತ್ತು ಸೋಮವಾರ. ನಾಳೆ ಬೆಳಿಗ್ಗೆ ಬೆಣ್ಣೆ ಕಾರ್ಖಾನೆಗೆ ಹಾಲು ಹಾಕೋಕೆ ಎಲ್ಲರೂ ಬರ್ತಾರಲ್ಲ, ಹೇಳ್ತೀನಿ. ಸಹಿ ಆಗಿ, ಆ ಯಪ್ಪ ಬೆಟ್ಟ ಇಳಿದ ಮೇಲೆ ಮತ್ತೆ ಹಾಕ್ಕೊಳ್ಳೋಣ."

"ನೋರಾ, ಅದು ಸುಳ್ಳಾಗುತ್ತೆ" ಎಂದ ಸೈಲಸ್.

"ಸುಳ್ಳು ಹೇಗಾಗುತ್ತೆ? 'ಇಲ್ಲ' ಅಂತ ಬರೆದಿದೆ. ಗುರುವಾರ ನೋಡು, ಇರಲ್ಲ."

ಮಂಗಳವಾರ ಮಧ್ಯಾಹ್ನದೊಳಗೆ ಮೂವತ್ತು ಚಿಲಕ ಕುಲುಮೆಯ ಹಿಂದಿನ ಕೋಣೆಗೆ ಬಂದು ಬಿದ್ದವು. ಗೇಟುಗಳಿಗೆ ಹಗ್ಗ, ತಂತಿ ಸುತ್ತಿದರು. ಉಳಿದ ಒಂದನ್ನು, ಶಾಲೆಯ ಚಿಲಕವನ್ನು, ನಾನೇ ಬಿಚ್ಚಿ ಒಯ್ದು ಕೊಟ್ಟೆ. ಮೊಳೆ ಕೀಳುವಾಗ ಮಕ್ಕಳು ಯಾಕೆ ಸಾರ್ ಎಂದು ಕೇಳಿದರು. ರಿಪೇರಿಗೆ ಎಂದೆ. ಸುಳ್ಳಿನ ಮೇಲೆ ನಾನು ಅವರಿಗೆ ಪ್ರಬಂಧ ಬರೆಸಿ ಹದಿನೈದು ದಿನವೂ ಆಗಿರಲಿಲ್ಲ. ಸೈಲಸ್ ಬೇಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆ ಎರಡು ದಿನ ಕುಲುಮೆಯಿಂದ ಕೇಳಿದ ಮೌನದ ಅಳತೆ ನನಗೆ ಸಿಗಲಿಲ್ಲ.

ಆದರೆ ಒಂದನ್ನು ಯಾರೂ ಯೋಚಿಸಿರಲಿಲ್ಲ. ಚಿಲಕ ಗೇಟಿನಲ್ಲಿ ಮಾತ್ರ ಇರಲಿಲ್ಲ. ಮಂಗಳವಾರ ಸಂಜೆ ನಾನು ಪುಸ್ತಕ ಹೊತ್ತು ಏನೋ ಯೋಚಿಸುತ್ತ ಗೇಟಿನ ಬಳಿ ಬಂದವನು ಎಂದಿನಂತೆ ಬಲ ಮೊಣಕಾಲಿನಿಂದ ಒತ್ತಿದೆ. ಅಲ್ಲಿ ಬರಿಯ ಮರದ ಅಡ್ಡಪಟ್ಟಿ. ಕಣ್ಣಿಗೆ ಕತ್ತಲೆ ಬಂತು, ಪುಸ್ತಕ ಹುಲ್ಲಿನ ಮೇಲೆ. ಬುಧವಾರ ಬೆಳಿಗ್ಗೆ ಮತ್ತೆ ಅದೇ ಜಾಗಕ್ಕೆ, ಅದೇ ಏಟು. ಬೆಣ್ಣೆ ಕಾರ್ಖಾನೆಯ ಸಾಲಿನಲ್ಲಿ ನಿಂತವರ ಕಡೆ ಆಗ ನೋಡಿದೆ. ಒಬ್ಬರೂ ನೆಟ್ಟಗೆ ನಿಂತಿರಲಿಲ್ಲ. ಅಲ್ಲಿ ಹಾಲು ಅಳೆದುಕೊಳ್ಳುವ ಡಂಕನ್‌ಗೆ ಹಾಲು ಕಡಿಮೆ ಬಂದಿತ್ತು. ಕಾರಣ ಕೇಳಿದರೆ ಎಲ್ಲರೂ ಆಕಾಶ ನೋಡಿದರು. ಹಗ್ಗದ ಗಂಟು ಬಿಚ್ಚಿ ಕಟ್ಟುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲವಾದ್ದರಿಂದ ಹಸುಗಳು ಕಣಿವೆಯಲ್ಲಿ ಸಂಬಂಧಿಕರ ಮನೆಗೆ ಹೊರಟವರಂತೆ ಅತ್ತಿಂದಿತ್ತ ಓಡಾಡುತ್ತಿದ್ದವು.

ಗುರುವಾರ ಹನ್ನೊಂದಕ್ಕೆ ಆನರರಿ ಮ್ಯಾಜಿಸ್ಟ್ರೇಟ್ ಓಗಿಲ್ವಿಯವರು ಶಾಲೆಗೆ ಬಂದರು. ಪ್ರಮಾಣದ ಕೆಲಸಗಳನ್ನೆಲ್ಲ ಅವರು ನನ್ನ ಮೇಜಿನ ಮೇಲೇ ಮಾಡುವುದು. ಊರಿನ ಅರ್ಧ ಜನ ಮಕ್ಕಳ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದರು. ಓಗಿಲ್ವಿ ಟೋಪಿ ತೆಗೆದು ಎಲ್ಲರನ್ನೂ ನೋಡಿದರು.

"ನಿಮ್ಮ ಊರಿಗೆ ಏನಾಗಿದೆ? ದಾರೀಲಿ ಕಂಡವರೆಲ್ಲ ಕುಂಟ್ತಾ ಇದಾರಲ್ಲ."

"ಮಾರ್ಚ್ ಮುಗೀತು, ನಮ್ಮ ಕಡೆ ಚಳಿ ಶುರುವಾಯ್ತಲ್ಲ ಸಾರ್. ಕೀಲು ನೋವು" ಎಂದಳು ನೋರಾ.

"ಎಲ್ಲರಿಗೂ ಬಲ ಮೊಣಕಾಲೇ?"

"ನಮ್ದು ಒಗ್ಗಟ್ಟಿನ ಊರು ಸಾರ್."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಓಗಿಲ್ವಿ ನಗಲಿಲ್ಲ. ಬೈಬಲ್ಲನ್ನು ಸೈಲಸ್‌ನ ಕೈಗೆ ಕೊಟ್ಟು, ಹೇಳಿಕೆಯನ್ನು ಗಟ್ಟಿಯಾಗಿ ಓದಿ ಹೇಳಲು ನನಗೆ ಸನ್ನೆ ಮಾಡಿದರು. ನಾನು ಓದಿದೆ. 'ಬಳಕೆಯಲ್ಲಿ ಇಲ್ಲ' ಎನ್ನುವಾಗ ನನ್ನ ದನಿ ನನಗೇ ಬೇರೆಯವರದಾಗಿ ಕೇಳಿತು.

ಸೈಲಸ್ ಬೈಬಲ್ ಹಿಡಿದೇ ನಿಂತ. ಅವನು ಪುಸ್ತಕವನ್ನು ನೋಡುತ್ತಿರಲಿಲ್ಲ. ಬೆಂಚುಗಳ ಸಾಲನ್ನು ಒಂದೊಂದಾಗಿ ನೋಡುತ್ತಿದ್ದ. ನೋರಾ ತನಗೇ ಗೊತ್ತಿಲ್ಲದೆ ಲಂಗದ ಮೇಲಿಂದ ಮಂಡಿ ನೀವಿಕೊಳ್ಳುತ್ತಿದ್ದಳು. ಅವಳ ಪಕ್ಕದವನೂ ಹಾಗೇ. ಹೆಸ್ಟರ್ ಕೂಡ. ನನ್ನ ಕೈಯೂ ಮಂಡಿಯ ಮೇಲೇ ಇದೆ ಎಂದು ಅವನು ನೋಡಿದ ಮೇಲೆಯೇ ನನಗೆ ಗೊತ್ತಾಯಿತು. ಅವನ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಿವಿಯ ಬುಡದಿಂದ ಶುರುವಾಗಿ ಮುಖವೆಲ್ಲ ಕೆಂಪಾಗುತ್ತ ಬಂತು, ತಿದಿ ಒತ್ತಿದಾಗ ಕೆಂಡ ಆಗುವ ಹಾಗೆ. ಅವನು ನಗುತ್ತಿದ್ದ.

"ಸಾರ್, ಅದು ಕೀಲು ನೋವಲ್ಲ" ಎಂದ. "ಅದು ನನ್ನ ಚಿಲಕ."

"ಸೈಲಸ್!" ಎಂದಳು ನೋರಾ.

"ಸುಮ್ನಿರು ನೋರಾ. ಗೇಟಿಂದ ತೆಗೆದ್ರಿ. ಕಾಲಿಂದ ತೆಗೆಯೋಕೆ ನಿಮ್ಮ ಕೈಲಿ ಆಗ್ಲಿಲ್ಲ. ಇನ್ನು ಇದು ಬಳಕೆಯಲ್ಲಿ ಇಲ್ಲ ಅಂತ ನಾನು ಹೇಗೆ ಹೇಳ್ಲಿ?"

ಓಗಿಲ್ವಿ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಹಾಗಾದ್ರೆ ಇದನ್ನ ಹರಿದು ಹಾಕ್ಲಾ?"

"ಬೇಡ ಸಾರ್." ಸೈಲಸ್ ನನ್ನ ಕಡೆ ತಿರುಗಿದ. "ಮೇಷ್ಟ್ರೇ, ಆ 'ಇಲ್ಲ' ಹೊಡೆದುಹಾಕಿ 'ಇದೆ' ಅಂತ ಬರೀರಿ. 'ಎಲ್ಲಿಯೂ' ತೆಗೀರಿ. 'ಕೂರಲಿಯ ಮೂವತ್ತೊಂದು ಗೇಟಿನಲ್ಲಿ' ಅಂತ ಸೇರಿಸಿ."

"ಇದನ್ನ ಕಳಿಸಿದ್ರೆ ನಿನಗೆ ಪೇಟೆಂಟ್ ಸಿಗಲ್ಲ, ಗೊತ್ತಲ್ಲ?" ಎಂದರು ಓಗಿಲ್ವಿ.

"ಕಳಿಸೋದಿಲ್ಲ ಸಾರ್. ಆದ್ರೆ ಪ್ರಮಾಣ ಮಾಡ್ಬಹುದಲ್ಲ? ನಿಜ ತಾನೇ."

ಓಗಿಲ್ವಿ ಕಾಗದವನ್ನು ನನ್ನ ಕಡೆ ಸರಿಸಿದರು. ನಿಜಕ್ಕೆ ಪ್ರಮಾಣ ಮಾಡಬಾರದು ಎಂದು ಯಾವ ಕಾನೂನಿನಲ್ಲೂ ಇರಲಿಲ್ಲವೆಂದು ಕಾಣುತ್ತದೆ. ನಾನು ತಿದ್ದಿ ಓದಿದೆ: "ಈ ಚಿಲಕವನ್ನು ರೂಪಿಸಿದವನು ನಾನೇ. ಇದು ಈವರೆಗೆ ಕೂರಲಿಯ ಮೂವತ್ತೊಂದು ಗೇಟಿನಲ್ಲಿ ಸಾರ್ವಜನಿಕ ಬಳಕೆಯಲ್ಲಿ ಇದೆ." ಮೂರು ಶನಿವಾರ ಕೂತು ಬರೆದದ್ದಕ್ಕಿಂತ ಈ ವಾಕ್ಯ ಚೆನ್ನಾಗಿತ್ತು, ನಾನು ಬರೆದದ್ದಲ್ಲ ಅಷ್ಟೇ. ಸೈಲಸ್ ಲೇಖನಿಯನ್ನು ಇಕ್ಕಳದಂತೆ ಹಿಡಿದು ತನ್ನ ಹೆಸರನ್ನು ಅಗಲವಾಗಿ, ಒಂದೊಂದು ಅಕ್ಷರಕ್ಕೂ ನಿಂತು ಬರೆದ. ಓಗಿಲ್ವಿ ಕೆಳಗೆ ಸಹಿ ಹಾಕಿ, ಮುದ್ರೆಗೆ ಬಾಯಿಂದ ಉಸಿರು ಊದಿ ಒತ್ತಿದರು. ಹೆಸ್ಟರ್ ಬಂದು ಆ ಕಾಗದವನ್ನು ಎರಡು ಕೈಯಲ್ಲೂ ತೆಗೆದುಕೊಂಡಳು. ಶಾಯಿ ಆರುವವರೆಗೂ ಯಾರಿಗೂ ಮುಟ್ಟಲು ಬಿಡಲಿಲ್ಲ.

"ಆಯ್ತಲ್ಲ ನಿನ್ನ ಸತ್ಯ?" ಎಂದಳು ನೋರಾ, ಎದ್ದು ನಿಲ್ಲಲು ಹೋಗಿ ಮುಖ ಕಿವುಚಿಕೊಂಡು. "ಇದೇ ಬುದ್ಧಿ ಸೋಮವಾರ ಬಂದಿದ್ರೆ ನನ್ನ ಎಲೆಕೋಸು ಉಳೀತಿತ್ತು. ಡಂಕನ್‌ನ ಹಸು ಒಂದು ಸಾಲು ಪೂರ್ತಿ ತಿಂದಿದೆ. ನಡಿ, ಮೊದ್ಲು ನಮ್ಮ ಗೇಟು."

"ಮೊದ್ಲು ಶಾಲೇದು. ಹತ್ರ ಇದೆ" ಎಂದ ಸೈಲಸ್.

ಕುಲುಮೆಯ ಹಿಂದೆ ರಾಶಿಯಾಗಿ ಬಿದ್ದಿದ್ದ ಚಿಲಕಗಳಿಗೆ ಯಾರೂ ಗುರುತು ಹಾಕಿರಲಿಲ್ಲ. ಯಾವುದು ಯಾರದೆಂದು ಜನ ಜಗಳ ಶುರುಮಾಡುವ ಮೊದಲೇ ಅವನು ಒಂದೊಂದನ್ನು ಎತ್ತಿ ಕೈಯಲ್ಲಿ ತೂಗಿ ಹೆಸರು ಹೇಳುತ್ತ ಹಂಚಿದ. ಒಂದೂ ತಪ್ಪಲಿಲ್ಲ. ಅಷ್ಟು ಹೆಸರುಗಳನ್ನು ಅವನ ಬಾಯಿಂದ ನಾನು ಒಟ್ಟಿಗೆ ಕೇಳಿದ್ದು ಅದೇ ಮೊದಲು.

ಶಾಲೆಯ ಗೇಟಿಗೆ ಅವನು ಮೊಳೆ ಹೊಡೆಯುವಾಗ ನಾನು ಪಟ್ಟಿಯನ್ನು ಹಿಡಿದುಕೊಂಡಿದ್ದೆ. ಬಿಸಿಲು ಬೆನ್ನ ಮೇಲೆ ಹಿತವಾಗಿತ್ತು. ಕೊನೆಯ ಏಟು ಹಾಕಿ ಅವನು ಪಕ್ಕಕ್ಕೆ ಸರಿದು, ನೋಡಿ ಎಂಬಂತೆ ಗಲ್ಲ ಎತ್ತಿದ. ನಾನು ಒತ್ತಿದೆ.

"ನೋಯ್ತಾ?" ಎಂದ.

"ನೋಯ್ತು. ತೆಗೀತು."

ಅವನು ತಲೆಯಾಡಿಸಿ ಉಳಿದ ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು, ನೋರಾಳ ಗೇಟಿನ ಕಡೆ ಏರು ಹತ್ತಲು ತೊಡಗಿದ. ಅವನೂ ಕುಂಟುತ್ತಿದ್ದ.