ಇಳಿಜಾರಿನ ಬುಡದಲ್ಲಿ

ಟ್ಯಾಂಕಿಗೆ ಹೊದಿಸಿದ್ದ ಟಾರ್ಪಾಲನ್ನು ಎಳೆಯುತ್ತಿದ್ದವರಿಗೆ ಮಗಳು "ಬೇಡ" ಎನ್ನುವಷ್ಟರಲ್ಲಿ ಅದು ನೆಲಕ್ಕೆ ಬಿದ್ದಾಗಿತ್ತು. ಯುದ್ಧ ಕಂಡು ಬಂದ ಆ ಮುದಿ ಟ್ಯಾಂಕು ಸಂಗ್ರಹಾಲಯದ ಷೆಡ್ಡಿನ ಇಳಿಜಾರಿನ ಮೇಲ್ತುದಿಯಲ್ಲಿ ಮೂತಿ ಹೊರಗೆ ಹಾಕಿ ನಿಂತಿತ್ತು. ಜೀವಮಾನವಿಡೀ ಅದರ ತಪಾಸಣೆ ಮಾಡಿದ ಅಪ್ಪ, ಅಂಗಳದಲ್ಲಿ ನಿಂತಿದ್ದ ಶವದ ವಾಹನದೊಳಗೆ ಮಲಗಿದ್ದ.

"ಒಂದ್ಸಲ ಸ್ಟಾರ್ಟ್ ಮಾಡಿ ಕೆಳಗೆ ತಂದು ನಿಲ್ಲಿಸೋಣಮ್ಮ," ಎಂದರು ಸಂಗ್ರಹಾಲಯದ ಮುಖ್ಯಸ್ಥರು. "ಅವರಿಗೆ ನಾವು ಮಾಡೋ ಮರ್ಯಾದೆ ಇದೊಂದೇ."

"ಎದುರಿಗೆ ಯಾರು ನಿಲ್ತಾರೆ ಸಾರ್?" ಟ್ಯಾಂಕಿನ ಡ್ರೈವರ್ ಕೇಳಿದ. "ಇನ್ನೊಂದು ದಿನ ನೋಡೋಣ ಬಿಡಿ."

"ಇನ್ನೊಂದು ದಿನಕ್ಕೆ ನಮ್ಮಣ್ಣ ಎದ್ದು ಬರ್ತಾನೇನಯ್ಯ?" ಚಿಕ್ಕಪ್ಪ ಮೂಗು ಒರೆಸಿಕೊಂಡು ರೇಗಿದ. "ಅವನು ಮುಟ್ಟಿದ ಬ್ರೇಕು ಯಾರಪ್ಪ ಬಂದ್ರೂ ಜಗ್ಗಲ್ಲ. ಮಗಳು ನಿಂತ್ಕೊಳ್ಳಲಿ. ಅವಳೂ ಇಲ್ಲೇ ತಾನೇ ಸ್ಪ್ಯಾನರ್ ಹಿಡಿಯೋದು?"

ಬ್ರೇಕು ಸರಿಯಿದೆ ಎಂದು ಹೇಳಿದವನೇ ಇಳಿಜಾರಿನ ಬುಡದಲ್ಲಿ ನಿಲ್ಲಬೇಕು, ಟ್ಯಾಂಕು ಅವನ ಕಡೆಗೇ ಇಳಿದು ಬಂದು ನಿಲ್ಲಬೇಕು. ಯಾವ ಮೇಲಧಿಕಾರಿಯೂ ಮಾಡಿದ ನಿಯಮವಲ್ಲ, ಅಪ್ಪ ತನಗೆ ತಾನೇ ಹಾಕಿಕೊಂಡ ಶಿಕ್ಷೆ.

ಅಪ್ಪನ ಕೈ ನಡುಗತೊಡಗಿ ವರ್ಷವಾಗಿತ್ತು. ಅವನು ಊಟಕ್ಕೆ ಹೋದಾಗ ಮಗಳು ಸದ್ದಿಲ್ಲದೆ ಟ್ಯಾಂಕಿನೊಳಗೆ ನುಸುಳಿ, ಅವನು ಸಡಿಲ ಬಿಟ್ಟದ್ದನ್ನೆಲ್ಲ ಬಿಗಿ ಮಾಡಿ ಬರುತ್ತಿದ್ದಳು. ಕೊನೆಯ ಸಲ ಮಾತ್ರ ಅದಾಗಲಿಲ್ಲ. ಅಪ್ಪ ಬ್ರೇಕು ಮುಗಿಸಿ ಕೆಳಗಿಳಿದವನೇ ಕುಸಿದು ಬಿದ್ದಿದ್ದ. ಈಗ ಬಾಯಿ ಬಿಟ್ಟರೆ ಸತ್ತ ದಿನವೇ ಅಪ್ಪನ ಹೆಸರು ಮಣ್ಣುಪಾಲು. ಬಿಡದಿದ್ದರೆ ತಾನು.

* * *

ಚಿಕ್ಕವಳಿದ್ದಾಗ ಒಮ್ಮೆ ಬ್ರೇಕಿನ ಪರೀಕ್ಷೆ ಮುಗಿದ ಕೂಡಲೇ ಓಡಿ ಹೋಗಿ ಅಪ್ಪನ ಕೈ ಹಿಡಿದಿದ್ದಳು. ಬೆವರಿ ತಣ್ಣಗಾಗಿತ್ತು.

"ಭಯ ಆಗಲ್ವಾ ಅಪ್ಪ?"

"ಆಗದೆ ಏನು ಪುಟ್ಟಿ? ಅದು ನಲವತ್ತು ಟನ್ನು. ನಿಮ್ಮಮ್ಮನ ಅಡುಗೆ ತಿಂದೂ ನಾನು ಐವತ್ತು ಕೇಜಿ ದಾಟಿಲ್ಲ."

"ಮತ್ತೆ ಯಾಕೆ ನಿಲ್ತೀಯ?"

"ರಜಾ ದಿನ ನಿನ್ನಂಥ ಮಕ್ಕಳು ಇಲ್ಲೇ ನಿಂತ್ಕೊಂಡು ನೋಡ್ತಾರಲ್ಲ. ಮೊದಲು ನಾನು ನಿಲ್ಲಬೇಕು."

* * *

ಅವಳು ಹೋಗಿ ನಿಂತಳು. ಅಮ್ಮ ವಾಹನದ ಪಕ್ಕದಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಂಜಿನ್ ಕೆಮ್ಮಿ, ಹೊಗೆ ಕಾರಿ, ಗುಡುಗಿತು. ಅಂಗಾಲಿನ ಕೆಳಗೆ ನೆಲ ನಡುಗಿತು. ಟ್ಯಾಂಕು ಇಳಿಯತೊಡಗಿತು. ಅದು ನಿಲ್ಲಬೇಕಾದ ಜಾಗದಲ್ಲಿ ಹಳದಿ ಗೆರೆಯಿತ್ತು. ಟ್ಯಾಂಕು ಗೆರೆ ಮುಟ್ಟಿತು, ದಾಟಿತು. ಅವಳಿಗೆ ಓಡಬೇಕೆನಿಸಿತು, ಕಾಲು ಬರಲಿಲ್ಲ. ಕಬ್ಬಿಣದ ಬಿಸಿ ಮುಖಕ್ಕೆ ರಾಚಿತು.

ಎಂಜಿನ್ ಒಮ್ಮೆಲೇ ಸತ್ತಿತು. ಟ್ಯಾಂಕು ಮುಗ್ಗರಿಸಿ, ಅವಳಿಂದ ಒಂದು ಮೊಳ ದೂರದಲ್ಲಿ ನಿಂತಿತು.

"ನೋಡಿದ್ರಾ?" ಚಿಕ್ಕಪ್ಪನ ದನಿ ಬಿಕ್ಕಿತು. "ಅದೇ ನಮ್ಮಣ್ಣನ ಕೈ!"

ಡ್ರೈವರ್ ಇಳಿದು ಬಂದ. ಅಂಗಿ ಮೈಗೆ ಅಂಟಿತ್ತು. ಅವಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಬ್ರೇಕು ಹಿಡಿಲೇ ಇಲ್ಲಮ್ಮ. ಗೇರಲ್ಲಿಟ್ಟು ಎಂಜಿನ್ ಆಫ್ ಮಾಡಿದೆ."

"ನಿಂಗೆ ಗೊತ್ತಿತ್ತಾ?"

"ಅವರೇ ಹೇಳಿದ್ರು. 'ನನ್ನ ಕೈ ನಂಬಬೇಡ ಕಣೋ, ಗೇರಲ್ಲೇ ಇಳಿಸು. ಮಗಳಿಗೆ ಮಾತ್ರ ಹೇಳಬೇಡ, ಹೆದರ್ಕೋತಾಳೆ' ಅಂತ."

ಟ್ಯಾಂಕಿನೊಳಗೆ ಏನೋ ಕಿರ್ರೆಂದಿತು. ಇಬ್ಬರೂ ಬೆಚ್ಚಿದರು. ಗೇರು ಎಷ್ಟು ಹೊತ್ತು ಹಿಡಿದೀತು? ಅಂಗಳದಲ್ಲಿ ಜನ ಶವದ ವಾಹನದ ಹಿಂದೆ ಸಾಲುಗಟ್ಟುತ್ತಿದ್ದರು. ಅಮ್ಮ ತಿರುಗಿ ತಿರುಗಿ ನೋಡಿ ಕೈಸನ್ನೆ ಮಾಡಿ ಕರೆಯುತ್ತಿದ್ದಳು. ಮಗಳು ತನ್ನ ಮುಖ ಅವಳಿಗೆ ಕಾಣದಂತೆ ಮೊಣಕಾಲೂರಿ ಕೂತು, ಟ್ಯಾಂಕು ಉರುಳದಂತೆ ಅದರ ಚಕ್ರಗಳನ್ನು ಸುತ್ತಿದ ಉಕ್ಕಿನ ಪಟ್ಟಿಯ ಅಡಿಗೆ ಪಕ್ಕದಲ್ಲಿದ್ದ ಮರದ ದಿಮ್ಮಿ ತುರುಕತೊಡಗಿದಳು. ವಾಹನ ಗೇಟು ದಾಟಿತು. ದಿಮ್ಮಿ ಇನ್ನೂ ಸರಿಯಾಗಿ ಕೂತಿರಲಿಲ್ಲ.