ಹದಿನಾಲ್ಕು ಮಂಚಗಳ ವಾರ್ಡು

ನಿಜಾಮನ ರಾಜ್ಯದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷ ಬೀದರಿನ ಒಂದು ದವಾಖಾನೆಯ ಹೆಂಗಸರ ಮನೋರೋಗ ವಾರ್ಡಿಗೆ ಮೈಸೂರು ಕಡೆಯ ಹೊಸ ಡಾಕ್ಟರು ಬಂದರು. ಬಂದ ವಾರದಲ್ಲೇ ಹದಿನಾಲ್ಕು ಮಂಚಗಳ ಉದ್ದ ಕೋಣೆಯ ನಡುವೆ ಹಲಗೆಯ ಗೋಡೆ ಎಬ್ಬಿಸಿದರು. ಗದ್ದಲದವರು ಆ ಕಡೆ, ಶಾಂತವಾಗಿರುವವರು ಈ ಕಡೆ. ನಡುವಿನ ಬಾಗಿಲಿಗೆ ಸಂಜೆ ಐದಕ್ಕೆ ಬೀಗ. ಆ ಕಡೆ ಆಯಾ ಇಮಾಮಬೀ, ಈ ಕಡೆ ನರ್ಸ್ ಆಗಿದ್ದ ನಾನು. ಬೀಗದ ಕೈ ನನ್ನ ಸೊಂಟದಲ್ಲಿ.

ಅಂದಿನಿಂದ ಈ ಕಡೆಯಲ್ಲಿದ್ದ ಚಂದ್ರಭಾಗಾಳ ಸ್ಥಿತಿ ಕೆಟ್ಟಿತು. ಠಾಣಾ ಕುಶನೂರಿನ ಕುರಿ ಸಾಕುವ ಮನೆಯವಳು. ಗಲಾಟೆಯ ದಿನಗಳಲ್ಲಿ ಕುರಿ ಬಿಟ್ಟು ಓಡಿಬಂದ ಮೇಲೆ ಅವಳ ಮಾತು ನಿಂತಿತ್ತು. ಆದರೂ ಯಾರಿಗೂ ತೊಂದರೆ ಕೊಟ್ಟವಳಲ್ಲ. ಈಗ ಹೊತ್ತು ಇಳಿದರೆ ಸಾಕು, ಹೋಗುತ್ತಾಳೆ, ಬರುತ್ತಾಳೆ, ಬಾಗಿಲು ಗುದ್ದುತ್ತಾಳೆ. ಅಂಗೈ ಒಡೆದು ರಕ್ತ. ಆ ಸದ್ದಿಗೆ ಉಳಿದವರೂ ಎದ್ದು ತಿರುಗತೊಡಗಿದರು. ನನಗೂ ಕೂತಲ್ಲಿ ಕೂರಲಾಗದು.

ನಾಲ್ಕನೆಯ ದಿನ ಡಾಕ್ಟರು ಅವಳನ್ನು ಬೇರೆಡೆ ಕಳಿಸುವ ಚೀಟಿ ಬರೆದು ನನಗೆ ಹೇಳಿದರು. "ಇವತ್ತೂ ಹೀಗೇ ಆದರೆ ನಾಳೆ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಕಳಿಸಿಬಿಡೋಣ."

ವಾರಕ್ಕೊಮ್ಮೆ ರೊಟ್ಟಿ ಕಟ್ಟಿಕೊಂಡು ಬರುವ ಅವಳ ಗಂಡ ಧೊಂಡಿಬಾ ಅಷ್ಟು ದೂರ ಹೇಗೆ ಹೋದಾನು?

ಅವಳ ಅಂಗೈಗೆ ಅರಿಶಿನ ಹಚ್ಚುತ್ತ ಇಮಾಮಬೀ ನನ್ನನ್ನೇ ಬೈದಳು. "ನೀವು ಓದಿದವ್ರು, ಇಷ್ಟೂ ತಿಳಿಯಂಗಿಲ್ಲೇನ್ರಿ? ಗ್ವಾಡಿ ಏಳೂ ಮೊದಲ ದಿನಾ ಸಂಜಿಕಿ ಎಲ್ಲಾ ಮಂಚ ಮುಟ್ಟಿ ಆಮ್ಯಾಲ ಮಲಗ್ತಿದ್ಲಲ್ಲ."

"ಹುಚ್ಚಿನ ಆಟ ಅಂತ ತಿಳದಿದ್ದೆ."

"ಆಟ ಅಲ್ರಿ ಅಕ್ಕಾರ. ನಮ್ಮೂರು ಬಗದಲ್‌ದಾಗ ನಾನೂ ಆಡು ಕಾಯ್ದೀನಿ. ದೊಡ್ಡಿಗಿ ಬಂದವು ಎಣಸದ ಯಾವಾಕಿ ಮಲಗ್ತಾಳ? ಈಗ ಏಳೇ ಸಿಗ್ತಾವ. ಉಳಿದವು ತೋಳ ಒಯ್ತು ಅಂತ ತಿಳ್ಕೊಂಡಾಳ."

ಆ ಸಂಜೆ ನಾನು ಬೀಗ ಹಾಕಲಿಲ್ಲ.

ಚಂದ್ರಭಾಗಾ ಬಾಗಿಲು ದಾಟಿ ಒಂದೊಂದೇ ಮಂಚದ ಮೇಲೆ ಕೈಯಿಟ್ಟಳು. ಯಾರನ್ನೂ ಹತ್ತಿರ ಬಿಡದ ಜನಾಬಾಯಿ ತಾನಾಗಿ ಕಾಲು ಮಡಿಚಿ ಜಾಗ ಕೊಟ್ಟಳು. ಹನ್ನೊಂದನೆಯ ಮಂಚದ ಹತ್ತಿರ ಇದ್ದಾಗ ಡಾಕ್ಟರು ಒಳಗೆ ಬಂದರು.

"ಬಾಗಿಲು ತೆಗೆದವರು ಯಾರು?"

"ನಾನ್ರಿ ಸಾಹೇಬ್ರ," ಎಂದಳು ಇಮಾಮಬೀ.

"ಅಕಿ ಅಲ್ರಿ, ನಾನು," ಎಂದೆ. "ಇನ್ನ ಮೂರು ಉಳದಾವ. ಅಷ್ಟು ಮುಗೀಲಿರಿ."

ಡಾಕ್ಟರು ಗಡಿಯಾರ ನೋಡಿದರು. ಆದರೂ ನಿಂತರು. ಹದಿನಾಲ್ಕನ್ನೂ ಮುಟ್ಟಿ ಚಂದ್ರಭಾಗಾ ತನ್ನ ಮಂಚಕ್ಕೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿಗೇ ಸಣ್ಣ ಗೊರಕೆ.

ಹಲಗೆ ಗೋಡೆಯನ್ನು ಡಾಕ್ಟರು ತೆಗೆಸಲಿಲ್ಲ. ಚೀಟಿ ಮಾತ್ರ ಹರಿದು, "ನಾಳೆಯಿಂದ ಬೀಗ ಐದಕ್ಕಲ್ಲ, ಆಕೆ ಮಲಗಿದ ಮೇಲೆ," ಎಂದರು.

ಧೊಂಡಿಬಾ ಆ ವಾರವೂ ಬೀದರಿಗೇ ಬಂದ.