ಬಿಗಿದ ಬೆಣೆ

ಕೊಡಿಗೇಹಳ್ಳಿಯ ಫರ್ನಿಚರ್ ಶೋರೂಮಿನಲ್ಲಿ ಬಿಲ್ ಹಾಕುವ ಭಾಗ್ಯಶ್ರೀ ಅಂದು ಬೆಳಿಗ್ಗೆ ಕೆಲಸಕ್ಕೆ ಬಂದವಳು ಕುರ್ಚಿಯಲ್ಲಿ ಕೂರಲೇ ಇಲ್ಲ. ಮಾಲೀಕ ರವಿಕಿರಣ ಗಾಜಿನ ಕಪಾಟಿನಲ್ಲಿ ಅಂದಕ್ಕೆಂದು ಹಳೇ ಸಾಮಾನು ಜೋಡಿಸಿದ್ದ. ತಾಮ್ರದ ಹಂಡೆ, ಲಾಟೀನುಗಳ ನಡುವೆ ಒಂದು ಮರದ ಉಜ್ಜುಗೊರಡು. ಬಡಗಿಗಳು ಹಲಗೆ ನುಣುಪು ಮಾಡುವ ಆ ಸಾಧನದ ಪಕ್ಕೆಯಲ್ಲಿ ಸೊಟ್ಟಸೊಟ್ಟಗೆ ಮೂರು ಹಿತ್ತಾಳೆ ಮೊಳೆ. ಅವನ್ನು ಹೊಡೆದವಳು ಅವಳೇ, ಚಿಕ್ಕವಳಿದ್ದಾಗ. ಅಪ್ಪ ಪಂಚಪ್ಪ ಬೈಯುವ ಬದಲು ನಕ್ಕು, "ಇರ್ಲಿ ಬಿಡು, ಕಳುವಾದ್ರ ಗುರ್ತು ಸಿಗತೈತಿ" ಅಂದಿದ್ದ.

ಪಂಚಪ್ಪ ಕಾಣೆಯಾಗಿ ಹನ್ನೆರಡು ವರ್ಷ. ಗದಗಿನ ಕಡೆಯಿಂದ ಹೆಂಡತಿ ಮಗಳನ್ನು ಕರೆದುಕೊಂಡು ಬಂದು ಮತ್ತಿಕೆರೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಬಡಗಿ ಅವನು. ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿ ಬ್ಯಾಟರಾಯಪ್ಪ ಕಟ್ಟಿಸುತ್ತಿದ್ದ ಮನೆಯ ಮರಗೆಲಸಕ್ಕೆ ಹೋದವನು ಒಂದು ಸಂಜೆ ಬರಲಿಲ್ಲ. ಮಾರನೇ ದಿನ ಬ್ಯಾಟರಾಯಪ್ಪನೇ ಬಂದು, "ಊರಿಗೋಗ್ತೀನಿ ಅಂದ. ನಾನೇ ಯಶವಂತಪುರದಾಗೆ ರೈಲು ಅತ್ತಿಸ್ದೆ. ಸಾಮಾನು ಚೀಲಾನೂ ತಕ್ಕಂಡೋದ" ಎಂದು ಹೇಳಿ ಹೋಗಿದ್ದ. ಊರಿಗೆ ಪಂಚಪ್ಪ ತಲುಪಲೇ ಇಲ್ಲ. ಪೊಲೀಸರು ಬರೆದುಕೊಂಡರು, ಅಷ್ಟೇ. ಇನ್ನೊಬ್ಬಳನ್ನು ಕಟ್ಟಿಕೊಂಡ ಎಂದು ಜನ ಬಾಯಿಗೆ ಬಂದದ್ದು ಆಡಿಕೊಂಡರು. ಅವ್ವ ಶಿವಲಿಂಗವ್ವ ಮಾತ್ರ ಆ ಚೀಲದ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಉಜ್ಜುಗೊರಡಿಗೆ ಅವಳು ರಂಧಾ ಅನ್ನುತ್ತಿದ್ದಳು. "ರಂಧಾ ಒಯ್ದಾನಂದ್ರ ಎಲ್ಲೋ ಕೆಲಸ ಮಾಡಾಕತ್ತಾನ. ಜೀವಂತ ಅದಾನ." ಹಣೆ ತುಂಬ ಕುಂಕುಮ ಇಟ್ಟುಕೊಂಡು, ಜೋಳದ ರೊಟ್ಟಿ ಬಡಿದು ಮಾರಿ, ಮಗಳನ್ನು ಓದಿಸಿದಳು. ಆ ಕುಂಕುಮದ ಮೇಲೆಯೇ ಅವಳ ಜೀವ ನಿಂತಿತ್ತು.

ಭಾಗ್ಯಶ್ರೀ ಉಜ್ಜುಗೊರಡನ್ನು ಕಪಾಟಿನಿಂದ ತೆಗೆದು ತಿರುಗಿಸಿ ನೋಡಿದಳು. ಅಪ್ಪನಿಗೊಂದು ರೂಢಿಯಿತ್ತು. ಕೆಲಸ ಮುಗಿಯಿತೆಂದರೆ ಅಲಗನ್ನು ಹಿಡಿದಿಡುವ ಬೆಣೆಯನ್ನು ಸಡಿಲಿಸಿ, ಅಲಗು ಹೊರತೆಗೆದು, ಎಣ್ಣೆ ಬಟ್ಟೆಯಲ್ಲಿ ಸುತ್ತಿಯೇ ಚೀಲಕ್ಕೆ ಹಾಕುವುದು. ಜ್ವರ ಬಂದ ದಿನವೂ ತಪ್ಪಿಸಿದವನಲ್ಲ. ಇಲ್ಲಿ ಬೆಣೆ ಬಿಗಿದಂತೆಯೇ ಇತ್ತು. ಅಲಗು ತುಕ್ಕು ಹಿಡಿದು ಮರಕ್ಕೇ ಅಂಟಿತ್ತು. ಅದರ ಬಾಯಲ್ಲಿ ತೇಗದ ಸಿಪ್ಪೆಯ ಸುರುಳಿಯೊಂದು ಅರ್ಧ ಹೊರಬಂದು ಸಿಕ್ಕಿಕೊಂಡಿತ್ತು. ಉಜ್ಜುತ್ತಿದ್ದವನ ಕೈ ಅಲ್ಲಿಗೇ ನಿಂತಿದೆ. ಅಪ್ಪ ಸಾಮಾನು ಕಟ್ಟಿಕೊಂಡು ಎಲ್ಲಿಗೂ ಹೊರಟಿರಲಿಲ್ಲ.

"ಸರ್, ಇದನ್ನ ಎಲ್ಲಿ ತಗೊಂಡ್ರಿ?"

"ಆರ್.ಟಿ. ನಗರದಲ್ಲಿ ಹಳೇ ಬಾಗಿಲು ಕಿಟಕಿ ಮಾರ್ತಾರಲ್ಲ, ಫಖ್ರುನ್ನೀಸಾ, ಅವರ ಹತ್ರ. ಯಾಕಮ್ಮಾ, ಹುಷಾರಿಲ್ವಾ?"

ಹುಷಾರಿಲ್ಲ ಎಂದೇ ಹೇಳಿ, ಉಜ್ಜುಗೊರಡನ್ನು ಕೇಳಿ ಪಡೆದುಕೊಂಡು ಹೊರಟಳು.

ಫಖ್ರುನ್ನೀಸಾ ಅದನ್ನು ಕಂಡೊಡನೆ ಮುಖ ಸಿಂಡರಿಸಿದಳು. "ವಾಪಸ್ ತಂದ್ಯಾ? ನನಗೆ ಬೇಡಮ್ಮಾ. ಸಿಂಗಾಪುರದಲ್ಲಿ ಬ್ಯಾಟರಾಯಪ್ಪ ಅಂತ ಇದಾರೆ. ಅವರು ಆಸ್ಪತ್ರೆಯಲ್ಲಿದ್ದಾಗ ಮಗ ಮನೆ ರಿಪೇರಿ ಶುರು ಮಾಡ್ಸಿದ. ಮೆಟ್ಟಿಲ ಕೆಳಗೆ ಗೋಡೆ ಒಡೆದ್ರೆ ಹಿಂದೆ ಒಂದು ಗೂಡಂತೆ. ಬಾಗಿಲೂ ಇಲ್ಲ, ಏನೂ ಇಲ್ಲ. ಒಳಗೆ ಬಡಗಿ ಸಾಮಾನಿನ ಚೀಲ. ಚೀಲ ಒಳಗಿಟ್ಟು ಯಾರಾದ್ರೂ ಗೋಡೆ ಕಟ್ತಾರಾ, ನೀನೇ ಹೇಳು. ಕೂಲಿಯವರು ತಂದ್ರು, ತಗೊಂಡೆ. ಆದ್ರೆ ಯಾಕೋ ಮನಸ್ಸಿಗೆ ಸರಿ ಬರ್ಲಿಲ್ಲ."

ಬುದ್ಧಿ ನೆಟ್ಟಗಿದ್ದವರು ಅಲ್ಲಿಂದ ಸೀದಾ ಠಾಣೆಗೆ ಹೋಗುತ್ತಿದ್ದರು. ಅವಳು ಆಟೊ ಹತ್ತಿ ಸಿಂಗಾಪುರಕ್ಕೆ ಹೋದಳು. ಅಪ್ಪ ಕೊನೆಯದಾಗಿ ನಿಂತಿದ್ದ ಜಾಗಕ್ಕೆ ಕಾಲು ಎಳೆಯುತ್ತಿರುವಾಗ ಬುದ್ಧಿಯ ಮಾತು ಯಾರಿಗೆ ಬೇಕು?

ಮನೆಯ ಮುಂದೆ ಮರಳು, ಜಲ್ಲಿ ಬಿದ್ದಿದ್ದವು. ಕೆಲಸಗಾರರು ಒಬ್ಬರೂ ಇರಲಿಲ್ಲ. ಮೆಟ್ಟಿಲ ಕೆಳಗಿನ ಗೋಡೆಗೆ ಆಗಲೇ ಮತ್ತೆ ಇಟ್ಟಿಗೆ ಏರಿತ್ತು, ಗಾರೆ ಇನ್ನೂ ಹಸಿಯಾಗಿತ್ತು. ಅದಕ್ಕೆ ಬೆನ್ನು ಕೊಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಬ್ಯಾಟರಾಯಪ್ಪ ಕೂತಿದ್ದ. ಭಾಗ್ಯಶ್ರೀ ಉಜ್ಜುಗೊರಡನ್ನು ತೋರಿಸಿದಳು. ಮುದುಕ ಬೆಚ್ಚಲಿಲ್ಲ.

"ಪಂಚಪ್ಪನ ಮಗಳಾ? ದೊಡ್ಡೋಳಾಗ್ಬುಟ್ಟಿದ್ದೀಯ."

"ನಮ್ಮಪ್ಪ ಎಲ್ಲದಾನ?"

"ರೈಲು ಅತ್ತಿಸ್ದೆ ಅಂತ ಆವತ್ತೇ ಏಳಿದ್ನಲ್ಲ."

"ಅಂವನ ಚೀಲ ನಿಮ್ಮ ಗೋಡ್ಯಾಗ ಇತ್ತು."

ಅವನು ಹಸಿ ಗೋಡೆಯನ್ನೊಮ್ಮೆ ತಿರುಗಿ ನೋಡಿದ. ಮನೆಯ ಹುಡುಗಿಗೆ ಹೇಳುವಷ್ಟೇ ಅಕ್ಕರೆಯಿಂದ ಕೇಳಿದ: "ನಿಮ್ಮವ್ವ ಇನ್ನೂ ಕುಂಕುಮ ಇಟ್ಕತಾಳಾ?"

ಭಾಗ್ಯಶ್ರೀ ಉಜ್ಜುಗೊರಡನ್ನು ಎದೆಗೆ ಒತ್ತಿಕೊಂಡಳು.

"ಇಟ್ಕಳ್ಲಿ ಬುಡು. ಗೋಡೆ ಒಡೆದೋರು ನಾಳೆ ನೆಲಾನೂ ಅಗೀತಾರೆ. ಅಗುದ್ರೆ ಏನಾಯ್ತದೆ? ನಿಮ್ಮವ್ವನ ಕುಂಕುಮ ನೀನೇ ಒರೆಸ್ದಂಗಾಯ್ತದೆ. ಯೋಚ್ನೆ ಮಾಡವ್ವ. ಮತ್ತಿಕೆರೆ ಮನೆ ನಂಗೊತ್ತು."

ಬಸ್ಸಿನಲ್ಲಿ ಕೂತು ಅವಳು ಅತ್ತಳು. ಅಪ್ಪ ಆ ನೆಲದ ಕೆಳಗಿದ್ದಾನೆ. ಅದನ್ನು ಹೇಳಿದರೆ ಅವ್ವ ಉಳಿಯುವುದಿಲ್ಲ. ಆ ಪಾಪಿ ಅವಳ ಬಾಯಿಗೆ ಬೀಗ ಹಾಕಲು ಸರಿಯಾದ ಕೀಲಿಯನ್ನೇ ಹುಡುಕಿದ್ದ. ಮತ್ತಿಕೆರೆಯಲ್ಲಿ ಇಳಿದವಳು ಪಾರ್ಕಿನಲ್ಲಿ ಕೂತು, ಕಲ್ಲೊಂದನ್ನು ಎತ್ತಿಕೊಂಡು ಬೆಣೆಯ ತಲೆಗೆ ಅಡ್ಡಡ್ಡ ಹೊಡೆದಳು. ಸಡಿಲವಾದ ಮೇಲೆ ಸುರುಳಿಯನ್ನು ಕಿತ್ತೆಸೆದು, ಅಲಗಿನ ತುಕ್ಕು ಉಜ್ಜಿ, ಅಂಗಡಿಯಿಂದ ತಂದ ಎಣ್ಣೆ ಸವರಿ, ಕರವಸ್ತ್ರದಲ್ಲಿ ಸುತ್ತಿದಳು. ಗುಜರಿಯಲ್ಲಿ ಸಿಕ್ಕಿತು, ಅಪ್ಪ ಎಲ್ಲೋ ಮಾರಿರಬೇಕು ಎಂಬ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು.

ಶಿವಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳ ಸುಳ್ಳನ್ನು ಕೇಳಿಸಿಕೊಂಡು, ಹಿಟ್ಟಿನ ಕೈಯಲ್ಲೇ ಉಜ್ಜುಗೊರಡನ್ನು ತೆಗೆದುಕೊಂಡಳು. ಹಿತ್ತಾಳೆ ಮೊಳೆಗಳನ್ನು ಸವರಿದಳು. ಬಟ್ಟೆ ಬಿಚ್ಚಿ ಅಲಗು ನೋಡಿದಾಗ ಅವಳ ಮುಖ ಅರಳಿತು.

"ನೋಡು, ಬೆಣಿ ಬಿಚ್ಚೇ ಇಟ್ಟಾನ. ನಾ ಹೇಳಿರಲಿಲ್ಲೇನು?"

ಭಾಗ್ಯಶ್ರೀಗೆ ಹೋದ ಉಸಿರು ಬಂದಂತಾಯಿತು. ಅಷ್ಟರಲ್ಲಿ ಅವ್ವನ ಬೆರಳು ಬೆಣೆಯ ತಲೆಯ ಮೇಲೆ ನಿಂತಿತು. ಅಲ್ಲಿ ಮರ ಜಜ್ಜಿಹೋಗಿ, ಒಳಗಿನ ಹೊಸ ಬಣ್ಣ ಕಾಣುತ್ತಿತ್ತು.

"ಇದಕ್ಕ ಯಾರು ಬಡದ್ರು?"

"ಅಪ್ಪ ಬಡದಿರಬೇಕು."

"ನಿಮ್ಮಪ್ಪ ಬೆಣಿಗೆ ಎಂದೂ ಬಡದಾಂವಲ್ಲ. ರಂಧಾದ ಹಿಂಬದಿಗೆ ಒಂದು ಪೆಟ್ಟು ಕೊಟ್ರ ಬೆಣಿ ತಾನ ಸಡ್ಲ ಆಗತಿತ್ತು." ಅವಳು ಮಗಳನ್ನೇ ನೋಡಿದಳು. "ಇದು ಇವತ್ತಿನ ಪೆಟ್ಟು. ಬಿಗಿದ ಇತ್ತು, ಹೌದಿಲ್ಲೋ?"

ಭಾಗ್ಯಶ್ರೀ ಅವ್ವನ ಪಕ್ಕ ಕೂತಳು. ಬಿಕ್ಕುತ್ತಲೇ ಗೋಡೆ, ಚೀಲ, ಹಸಿ ಗಾರೆ, ಬ್ಯಾಟರಾಯಪ್ಪ ಕುಂಕುಮದ ಬಗ್ಗೆ ಆಡಿದ ಮಾತು, ಎಲ್ಲವನ್ನೂ ಹೇಳಿದಳು. ಶಿವಲಿಂಗವ್ವ ಒಲೆ ಆರಿಸಿದಳು. ಬಚ್ಚಲಿಗೆ ಹೋದಳು. ನೀರಿನ ಸದ್ದು ತುಂಬಾ ಹೊತ್ತು ಕೇಳಿತು.

ಹೊರಬಂದಾಗ ಹಣೆ ಬರಿದಾಗಿತ್ತು. ಇಷ್ಟು ವರ್ಷ ಕುಂಕುಮ ಕೂತ ಜಾಗದಲ್ಲಿ ದುಂಡಗೆ ಒಂದು ಬಿಳಿ ಕಲೆ.

"ಅಂವಗ ಹೆದರಿಸಾಕ ಇದ್ದದ್ದು ಇದೊಂದ. ಇದನ್ನ ನೀ ಒರಸೋದು ಬ್ಯಾಡ, ನಾನ ಒರಸ್ಕೊಂಡೀನಿ," ಎಂದು ಉಜ್ಜುಗೊರಡನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಏಳು, ಠಾಣೇಕ ಹೋಗೂಣು. ಆ ನೆಲ ಅಗಿಸಬೇಕು."